ಚರ್ಮದ ಮೇಲಿನ ಅಳತೆಯಿಂದ ಒಳಗಿನ ಗಡ್ಡೆ ಕಾಣುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಮೈಸೂರಿನಲ್ಲಿದ್ದೇನೆ. ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಮಹಿಳೆಯರಿಗೆ ಒಂದು ಆರೋಗ್ಯ ಕ್ಯಾಂಪ್ ಇತ್ತು. ಎಕ್ಸ್-ರೇ ಇಲ್ಲ, ಒತ್ತುವುದಿಲ್ಲ, ನೋವಿಲ್ಲ, ತುಸುವೇ ಕರೆಂಟ್ ಹಾಯಿಸಿ ಸ್ತನದೊಳಗೆ ಗಡ್ಡೆ ಇದೆಯೇ ಎಂದು ಹೇಳುತ್ತೇವೆ ಎಂದರು. ನನಗೆ ‘ನಾರ್ಮಲ್’ ಎಂದು ರಿಪೋರ್ಟ್ ಬಂತು. ಇನ್ನು ಮ್ಯಾಮೋಗ್ರಾಮ್ ಮಾಡಿಸುವ ಅಗತ್ಯ ಇದೆಯಾ? ಅದರಲ್ಲಿ ರೇಡಿಯೇಷನ್ ಬೇರೆ ಇದೆಯಂತೆ. ಇನ್ನೊಂದು ವಿಷಯ. ನನ್ನ ತಂಗಿಯ ಮಗ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ, ಏನೋ ‘ಗಡಿ ಸಮಸ್ಯೆ’ ಅಂತೆ. ಅವನಿಗೆ ರಿಪೋರ್ಟ್ ತೋರಿಸಿದೆ. ‘ದೊಡ್ಡಮ್ಮ, ಆ ಯಂತ್ರದೊಳಗೆ ಇರೋದು ನಮ್ಮ ಗಣಿತಾನೇ. ಆದ್ರೆ ಅದನ್ನ ನಂಬ್ಕೊಂಡು ಕೂತ್ಕೋಬೇಡಿ’ ಅಂದ. ತನ್ನ ಗಣಿತವನ್ನೇ ನಂಬಬೇಡ ಅನ್ನೋದು ಯಾಕೆ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಇದು ಉದ್ದದ ಬರಹ, ಕೊನೆಯವರೆಗೆ ಓದುವ ಪುರಸೊತ್ತು ಎಲ್ಲರಿಗೂ ಇರುವುದಿಲ್ಲ. ಆ ‘ನಾರ್ಮಲ್’ ಚೀಟಿಯನ್ನು ಮ್ಯಾಮೋಗ್ರಾಮಿನ (ಅಂದರೆ ಸ್ತನದ ಎಕ್ಸ್-ರೇ) ಬದಲಿಗೆ ಇಟ್ಟುಕೊಳ್ಳಬೇಡಿ. ಇನ್ನು, ಕೈಗೆ ಗಂಟು ಸಿಗುತ್ತಿದ್ದರೆ, ಚರ್ಮ ಒಂದು ಕಡೆ ಗುಳಿ ಬಿದ್ದಿದ್ದರೆ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಅಥವಾ ತೊಟ್ಟಿನಿಂದ ರಕ್ತ ಬರುತ್ತಿದ್ದರೆ, ಯಾವ ಕ್ಯಾಂಪಿನವರು ಏನೇ ಹೇಳಿರಲಿ, ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಆಗ ನಿಮಗೆ ಬೇಕಾಗಿರುವುದು ಸ್ಕ್ರೀನಿಂಗ್ (ಯಾವ ಲಕ್ಷಣವೂ ಇಲ್ಲದವರನ್ನು ಮುಂಚಿತವಾಗಿ ಪರೀಕ್ಷಿಸುವುದು) ಅಲ್ಲವೇ ಅಲ್ಲ, ಪೂರ್ತಿ ಪರೀಕ್ಷೆ.

ನಾನು ಡಾಕ್ಟರ್ ಅಲ್ಲ, ಗಣಿತದವಳು. ಇಂಥ ಯಂತ್ರಗಳ ಹಿಂದಿನ ಲೆಕ್ಕದಲ್ಲೇ ವರ್ಷಗಳನ್ನು ಕಳೆದವಳು. ಹಾಗಾಗಿ ನಿಮ್ಮ ತಂಗಿಯ ಮಗನ ಮಾತು ಓದಿ ನಗು ಬಂತು. ಹುಡುಗ ಸರಿಯಾಗಿಯೇ ಹೇಳಿದ್ದಾನೆ. ಯಾಕೆ ಅನ್ನುವುದನ್ನು ವಿವರಿಸುತ್ತೇನೆ, ಗಣಿತ ಹೆದರಿಸುವುದಿಲ್ಲ.

ಮೃದಂಗದಿಂದ ಶುರು ಮಾಡೋಣ. ಮೃದಂಗದ ಚರ್ಮವನ್ನು ಅಂಚಿನಲ್ಲಿ ಸುತ್ತ ಬಿಗಿದಿರುತ್ತಾರೆ. ನಡುವೆ ಎಷ್ಟು ಬೇಕಾದರೂ ಅದುರಲಿ, ಅಂಚು ಮಾತ್ರ ಅಲುಗಾಡುವಂತಿಲ್ಲ. ಚರ್ಮ ಎಂಥದ್ದು, ಕರಣೆ (ನಡುವಿನ ಕಪ್ಪು ಲೇಪ) ಎಷ್ಟು ದಪ್ಪ, ಅಂಚು ಎಲ್ಲಿ ಅನ್ನುವುದು ಗೊತ್ತಿದ್ದರೆ ಯಾವ ಯಾವ ಸ್ವರ ಹೊರಡುತ್ತದೆ ಎಂದು ಲೆಕ್ಕ ಹಾಕಬಹುದು. ಇದೇ ಗಡಿ ಸಮಸ್ಯೆ. ಒಳಗಿನ ನಿಯಮ ಗೊತ್ತಿದೆ, ಅಂಚಿನಲ್ಲಿ ಏನಾಗುತ್ತಿದೆ ಗೊತ್ತಿದೆ, ಉಳಿದದ್ದನ್ನು ಕಂಡುಹಿಡಿಯಬೇಕು. ಶಾಖ, ವಿದ್ಯುತ್, ಶಬ್ದ, ನೀರಿನ ಹರಿವು, ಭೌತಶಾಸ್ತ್ರದ ಅರ್ಧಕ್ಕರ್ಧ ಲೆಕ್ಕಗಳು ಹೀಗೇ ಇವೆ. (ಸಿ.ವಿ. ರಾಮನ್ ಮೃದಂಗದ ಚರ್ಮದ ಬಗ್ಗೆಯೇ ಸಂಶೋಧನೆ ಮಾಡಿದ್ದರು. ಬರೀ ಬೆಳಕಿನ ಮನುಷ್ಯ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ.)

ಈಗ ಹಲಸಿನ ಹಣ್ಣು. ಸಂತೆಯಲ್ಲಿ ಅದನ್ನು ಕೊಯ್ಯದೆ, ಹೊರಗಿನಿಂದ ತಟ್ಟಿ, ಶಬ್ದ ಕೇಳಿ, ‘ಇದು ಹಣ್ಣಾಗಿದೆ’ ಅನ್ನುತ್ತಾರಲ್ಲ, ಅದು ಮೃದಂಗದ ಲೆಕ್ಕಕ್ಕೆ ಉಲ್ಟಾ. ಹೊರಗೆ ಸಿಕ್ಕಿದ ಉತ್ತರ ಹಿಡಿದುಕೊಂಡು ಒಳಗೆ ಏನಿದೆ ಎಂದು ಹೇಳಬೇಕು. ನಾವು ಇದನ್ನು ವಿಲೋಮ ಗಡಿ ಸಮಸ್ಯೆ ಅನ್ನುತ್ತೇವೆ. ಹೆಸರು ಭಾರ, ವಿಷಯ ಹಲಸಿನ ಹಣ್ಣಿನಷ್ಟೇ. ಆದರೆ ಮೃದಂಗದ ಲೆಕ್ಕಕ್ಕೂ ಹಲಸಿನ ಲೆಕ್ಕಕ್ಕೂ ಕಷ್ಟದಲ್ಲಿ ಅಜಗಜಾಂತರ.

ಕರೆಂಟಿನ ವಿಷಯಕ್ಕೆ ಬಂದರೆ, ಈ ಉಲ್ಟಾ ಲೆಕ್ಕವನ್ನು ನಮ್ಮ ಕಡೆಯ ರೈತರು ಕಣ್ಣಾರೆ ನೋಡಿರುತ್ತಾರೆ. ಬೋರ್‌ವೆಲ್ ಪಾಯಿಂಟ್ ಮಾಡಿಸಲು ಭೂಗರ್ಭದವರನ್ನು ಕರೆಸಿದಾಗ ಅವರು ಹೊಲದಲ್ಲಿ ನಾಲ್ಕು ಸರಳು ನೆಡುತ್ತಾರೆ. ಎರಡರಿಂದ ಕರೆಂಟ್ ಬಿಡುತ್ತಾರೆ, ಇನ್ನೆರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಸರಳುಗಳನ್ನು ದೂರ ದೂರ ನೆಟ್ಟಷ್ಟೂ ಕರೆಂಟ್ ಆಳಕ್ಕೆ ಇಳಿಯುತ್ತದೆ. ಒಣ ಕಲ್ಲು ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಅದನ್ನು ಹರಿಯಲು ಬಿಡುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ನೆಲದ ಮೇಲೆ ಇಂಥ ಪ್ರಯೋಗ ಮಾಡಿದ. ಸರಳು ನೆಡುವ ಒಂದು ಕ್ರಮಕ್ಕೆ ಇವತ್ತಿಗೂ ಅವನದೇ ಹೆಸರು. ಪಾಯಿಂಟ್ ಮಾಡಿಸಿಯೂ ಬೋರು ಫೇಲಾಗುವುದು ಎಷ್ಟು ಮಾಮೂಲಿ ಅನ್ನುವುದೂ ನಿಮಗೆ ಗೊತ್ತು. ಆ ಫೇಲಾಗುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1940ರ ದಶಕದಲ್ಲಿ ಅರ್ಜೆಂಟೀನಾದ ಸರ್ಕಾರಿ ತೈಲ ಕಂಪನಿ ವೈಪಿಎಫ್‌ನಲ್ಲಿ ಆಲ್ಬರ್ಟೋ ಕಾಲ್ಡೆರಾನ್ ಎಂಬ ಯುವ ಇಂಜಿನಿಯರ್ ಇದ್ದ. ನೆಲದ ಮೇಲಷ್ಟೇ ಕರೆಂಟ್ ಬಿಟ್ಟು ವೋಲ್ಟೇಜ್ ಅಳೆದರೆ ನೆಲದೊಳಗೆ ಎಲ್ಲೆಲ್ಲಿ ಎಷ್ಟು ಕರೆಂಟ್ ಹರಿಯುವ ಗುಣ ಇದೆ ಎಂದು ಪೂರ್ತಿ ಹೇಳಬಹುದೇ ಅನ್ನುವ ಪ್ರಶ್ನೆ ಅವನನ್ನು ಹಿಡಿಯಿತು. ಆಮೇಲೆ ಅವನು ಷಿಕಾಗೋಗೆ ಹೋದ, ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ. ಈ ಪ್ರಶ್ನೆ ಮಾತ್ರ ಮೂವತ್ತು ವರ್ಷಕ್ಕೂ ಜಾಸ್ತಿ ಅವನ ಹತ್ತಿರವೇ ಉಳಿಯಿತು. 1980ರಲ್ಲಿ ರಿಯೋ ಡಿ ಜನೈರೋದ ಒಂದು ಸಮ್ಮೇಳನದ ಸಂಪುಟದಲ್ಲಿ ಹತ್ತು ಪುಟವೂ ಇಲ್ಲದ ಲೇಖನವಾಗಿ ಬಂತು. ಇವತ್ತು ಅದಕ್ಕೆ ಕಾಲ್ಡೆರಾನ್ ಸಮಸ್ಯೆ ಎಂದೇ ಹೆಸರು. ಅದರ ಸುತ್ತ ಒಂದು ದೊಡ್ಡ ಸಂಶೋಧನಾ ಕ್ಷೇತ್ರವೇ ಬೆಳೆದಿದೆ. ಬೆಂಗಳೂರಿನ ಯಲಹಂಕದಲ್ಲಿ ಟಿಐಎಫ್‌ಆರ್‌ನ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಗಣಿತ ಕೇಂದ್ರವಿದೆ, ಅಲ್ಲೂ ಇಂಥ ವಿಲೋಮ ಸಮಸ್ಯೆಗಳ ಮೇಲೆ ಕೆಲಸ ನಡೆಯುತ್ತದೆ. ನಿಮ್ಮ ಹುಡುಗ ಎಲ್ಲಿ ಓದುತ್ತಿದ್ದರೂ ಈ ಕಾಲ್ಡೆರಾನ್ ಹೆಸರು ಹೇಳಿ ನೋಡಿ, ಅರ್ಧ ಗಂಟೆ ಮಾತು ನಿಲ್ಲಿಸುವುದಿಲ್ಲ.

ನೆಲದ ಬದಲು ದೇಹ ಇಡಿ. ಸರಳಿನ ಬದಲು ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್. ನೀರಿನ ಬಿರುಕಿನ ಬದಲು ಗಡ್ಡೆ. ಕ್ಯಾನ್ಸರ್ ಗಡ್ಡೆ ಸುತ್ತಲಿನ ಕೊಬ್ಬಿಗಿಂತ ಹಲವು ಪಟ್ಟು ಸುಲಭವಾಗಿ ಕರೆಂಟ್ ಹರಿಯಬಿಡುತ್ತದೆ. ಆಪರೇಷನ್‌ನಲ್ಲಿ ತೆಗೆದ ಅಂಗಾಂಶದ ಮೇಲೆ ಅಳೆದು ನೋಡಿದ ವಿಷಯ ಇದು. 1987ರಲ್ಲಿ ಜಾನ್ ಸಿಲ್ವೆಸ್ಟರ್ ಮತ್ತು ಗುಂಥರ್ ಉಲ್ಮನ್ ಎಂಬಿಬ್ಬರು ಒಂದು ಸೊಗಸಾದ ಪ್ರಮೇಯ ಸಾಧಿಸಿದರು. ಒಳಗಿನ ಗುಣ ತೀರಾ ಒರಟಾಗಿ ಬದಲಾಗದಿದ್ದರೆ, ಮೂರು ಆಯಾಮದ ವಸ್ತುವಿನ ಮೇಲ್ಮೈಯಲ್ಲಿ ಮಾಡಬಹುದಾದ ಎಲ್ಲ ಅಳತೆಗಳೂ ಕೈಯಲ್ಲಿದ್ದರೆ, ಒಳಗಿನ ಚಿತ್ರ ಒಂದೇ ಒಂದು. ಎರಡು ಬೇರೆ ಬೇರೆ ಒಳಗುಗಳು ಮೇಲ್ಮೈಯಲ್ಲಿ ಒಂದೇ ಥರ ಕಾಣಲು ಸಾಧ್ಯವಿಲ್ಲ. ಅಂದರೆ ಗಡ್ಡೆ ಇರುವ ಸ್ತನ, ಗಡ್ಡೆ ಇಲ್ಲದ ಸ್ತನ ಎರಡೂ ಚರ್ಮದ ಮೇಲೆ ಖಂಡಿತ ಬೇರೆ ಬೇರೆ ಅಳತೆ ಕೊಡುತ್ತವೆ. ಜಾಹೀರಾತಿನವರಿಗೆ ಇಷ್ಟು ಸಾಕು, ಅಲ್ವಾ?

ಆದರೆ ಎಷ್ಟು ಬೇರೆ? ಇಲ್ಲಿದೆ ಕಥೆಯ ತಿರುಳು.

ಒಂದು ಲೆಕ್ಕ ಮಾಡೋಣ. ಸುಲಭವಾಗಲಿ ಎಂದು ಸ್ತನವನ್ನು 10 ಸೆಂಟಿಮೀಟರ್ ಅಗಲದ ಚಪ್ಪಟೆ ತಟ್ಟೆ ಎಂದುಕೊಳ್ಳಿ. ನಟ್ಟನಡುವೆ 1 ಸೆಂಟಿಮೀಟರ್ ಅಗಲದ ಗಡ್ಡೆ. ಅದು ಸುತ್ತಲಿನದಕ್ಕಿಂತ ಮೂರು ಪಟ್ಟು ಚೆನ್ನಾಗಿ ಕರೆಂಟ್ ಬಿಡುತ್ತದೆ. ಮೊದಲು ಒಂದು ಬದಿಯಿಂದ ಕರೆಂಟ್ ಒಳಗೆ ಬಿಟ್ಟು ಎದುರು ಬದಿಯಿಂದ ಹೊರಗೆ ತೆಗೆಯಿರಿ. ಗಡ್ಡೆ ಇರುವುದರಿಂದ ಅಂಚಿನ ವೋಲ್ಟೇಜಿನಲ್ಲಿ ಆಗುವ ವ್ಯತ್ಯಾಸ ಸುಮಾರು ನೂರರಲ್ಲಿ ಒಂದು ಪಾಲು. ಪರವಾಗಿಲ್ಲ, ಅಳೆಯಬಹುದು. ಆದರೆ ಈ ಒಂದೇ ಅಳತೆಯಿಂದ ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ತಿಳಿಯುವುದಿಲ್ಲ. ಇನ್ನೂ ವಿವರ ಬೇಕೆಂದರೆ ಕರೆಂಟನ್ನು ಬೇರೆ ವಿನ್ಯಾಸದಲ್ಲಿ ಬಿಡಬೇಕು. ಎರಡು ಕಡೆ ಒಳಗೆ, ಎರಡು ಕಡೆ ಹೊರಗೆ, ಹೀಗೆ ಪರ್ಯಾಯವಾಗಿ. ಆಗ ವ್ಯತ್ಯಾಸ ಎಷ್ಟು ಗೊತ್ತಾ? ಹತ್ತು ಸಾವಿರದಲ್ಲಿ ಒಂದು ಪಾಲು. ಮೂರು ಒಳಗೆ, ಮೂರು ಹೊರಗೆ ಬಿಟ್ಟರೆ ಹತ್ತು ಲಕ್ಷದಲ್ಲಿ ಒಂದು. ಹೊಸ ವಿನ್ಯಾಸ ಒಂದು ಜಾಸ್ತಿ ಆದಾಗಲೆಲ್ಲ ಗಡ್ಡೆಯ ಸುಳಿವು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಚಿತ್ರಕ್ಕೆ ಒಂದೇ ಒಂದು ಹೊಸ ಗೆರೆ ಸೇರಿಸಲು ಯಂತ್ರ ನೂರು ಪಟ್ಟು ನಿಖರವಾಗಬೇಕು.

ಕಾರಣ ಸರಳ. ಎಕ್ಸ್-ರೇ ನೇರ ಗೆರೆಯಲ್ಲಿ ಹೋಗುತ್ತದೆ. ಕರೆಂಟ್ ಹಾಗಲ್ಲ, ಅದು ಸುಲಭದ ದಾರಿ ಹುಡುಕಿಕೊಂಡು ಎಲ್ಲ ಕಡೆ ಹರಡುತ್ತದೆ. ಸೂಕ್ಷ್ಮವಾದ ವಿನ್ಯಾಸಗಳು ಚರ್ಮದ ಹತ್ತಿರವೇ ಸುತ್ತಿ ವಾಪಸು ಬಂದುಬಿಡುತ್ತವೆ, ಆಳದ ಸುದ್ದಿ ತರುವುದಿಲ್ಲ. ಅಳತೆಯಲ್ಲಿನ ಚಿಕ್ಕ ತಪ್ಪು ಒಳಗಿನ ಚಿತ್ರವನ್ನು ಎಷ್ಟು ಕೆಡಿಸಬಹುದು ಅನ್ನುವುದಕ್ಕೆ ಇಟಲಿಯ ಜಿಯೋವಾನಿ ಅಲೆಸಾಂಡ್ರಿನಿ 1988ರಲ್ಲಿ ಒಂದು ಅಂದಾಜು ಕೊಟ್ಟ. ಅದಕ್ಕಿಂತ ತುಂಬ ಚೆನ್ನಾಗಿ ಮಾಡಲು ಯಾರಿಂದಲೂ ಆಗುವುದಿಲ್ಲ ಎಂದು 2001ರಲ್ಲಿ ನಿಕುಲೇ ಮಂದಾಕೆ ತೋರಿಸಿದ. ಇದನ್ನು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಸರಿಮಾಡಲು ಬರುವುದಿಲ್ಲ. ‘ಎಐ ಹಾಕಿದ್ದೇವೆ’ ಎಂದರೂ ಅಷ್ಟೇ. ಅಳತೆಯಲ್ಲಿ ಇಲ್ಲದ ಸುದ್ದಿಯನ್ನು ಕಂಪ್ಯೂಟರ್ ಹಳೆಯ ಚಿತ್ರಗಳಿಂದ ಊಹಿಸಬಹುದು. ಆದರೆ ಅದು ಬೇರೆಯವರ ಸ್ತನದ ಚಿತ್ರ, ನಿಮ್ಮದಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಲ್ಯಾಬಿನಲ್ಲಿ ದುಂಡಗಿನ ಪ್ಲಾಸ್ಟಿಕ್ ಟಬ್ಬಿಗೆ ಒಳಗಡೆ ಸುತ್ತ 16 ಎಲೆಕ್ಟ್ರೋಡ್ ಅಂಟಿಸಿದ್ದೆವು. ಟಬ್ಬಿನಲ್ಲಿ ತಿಳಿ ಉಪ್ಪುನೀರು. ಅದರೊಳಗೆ ಒಂದು ಸೌತೆಕಾಯಿ ತುಂಡು ನಿಲ್ಲಿಸಿ, ಕಂಪ್ಯೂಟರ್ ಅದನ್ನು ಹುಡುಕುತ್ತದೆಯೇ ಎಂದು ನೋಡುವುದು. 16 ಎಲೆಕ್ಟ್ರೋಡಿನಿಂದ ಒಂದಕ್ಕೊಂದು ಸಂಬಂಧವಿಲ್ಲದ ಅಳತೆಗಳು ಹೆಚ್ಚೆಂದರೆ 120 ಸಿಗುತ್ತವೆ. ನಿಮ್ಮ ಮೊಬೈಲಿನ ಫೋಟೋದಲ್ಲಿ ಕೋಟಿ ಚುಕ್ಕಿ ಇರುತ್ತವೆ, ಇಲ್ಲಿ ಬರೀ 120 ಸಂಖ್ಯೆ. ಸೌತೆಕಾಯಿ ಅಂಚಿನ ಹತ್ತಿರ ಇದ್ದಾಗ ಪರದೆಯ ಮೇಲೆ ಒಂದು ಮಸುಕು ಉಂಡೆ ಕಾಣುತ್ತಿತ್ತು. ನಡುವಿಗೆ ಸರಿಸಿದರೆ ಉಂಡೆ ಉಪ್ಪಿಟ್ಟಿನ ಹಾಗೆ ಹರಡಿಕೊಳ್ಳುತ್ತಿತ್ತು. ಒಂದು ದಿನ ಪರದೆಯ ಮೇಲೆ ಅದ್ಭುತವಾದ ಗಡ್ಡೆ ಮೂಡಿತು. ದುಂಡಗೆ, ಸ್ಪಷ್ಟವಾಗಿ, ಅಂಚಿನ ಪಕ್ಕದಲ್ಲಿ. ಎಲ್ಲರೂ ಕುಣಿದೆವು. ಆಮೇಲೆ ನೋಡಿದರೆ ಅವತ್ತು ಟಬ್ಬಿಗೆ ಸೌತೆಕಾಯಿಯನ್ನೇ ಹಾಕಿರಲಿಲ್ಲ. ಏಳನೇ ಎಲೆಕ್ಟ್ರೋಡಿನ ಅಂಟು ಬಿಟ್ಟು ಸಡಿಲವಾಗಿತ್ತು, ಅಷ್ಟೇ.

ಟಬ್ಬಿಗಾದರೆ ಆಕಾರ ಗೊತ್ತು, ಎಲೆಕ್ಟ್ರೋಡ್ ಎಲ್ಲಿದೆ ಗೊತ್ತು. ಸ್ತನ ಟಬ್ಬಲ್ಲ. ಒಬ್ಬೊಬ್ಬರದು ಒಂದೊಂದು ಆಕಾರ. ಎಲೆಕ್ಟ್ರೋಡ್ ಒತ್ತಿದರೆ ಆಕಾರ ಬದಲಾಗುತ್ತದೆ. ಚರ್ಮ ಒಣಗಿದ್ದರೆ ಒಂದು ಅಳತೆ, ಬೆವರಿದ್ದರೆ ಇನ್ನೊಂದು. ಎಲೆಕ್ಟ್ರೋಡ್ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಬರುವ ತಪ್ಪು, ಗಡ್ಡೆ ತರುವ ಆ ನೂರರಲ್ಲೊಂದು ಪಾಲನ್ನು ನುಂಗಿಹಾಕುತ್ತದೆ. ತಿಂಗಳ ಮುಟ್ಟಿನ ದಿನಗಳ ಪ್ರಕಾರವೂ ಅಂಗಾಂಶದಲ್ಲಿ ನೀರಿನ ಪ್ರಮಾಣ ಬದಲಾಗುತ್ತಿರುತ್ತದೆ.

ಹಾಗಾದರೆ ಈ ತಂತ್ರಜ್ಞಾನ ದಂಡವೇ? ಖಂಡಿತ ಅಲ್ಲ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ರೋಗಿಯ ಎದೆಗೆ ಎಲೆಕ್ಟ್ರೋಡಿನ ಬೆಲ್ಟ್ ಕಟ್ಟಿ, ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ ಎಂದು ಇದೇ ಲೆಕ್ಕದಿಂದ ನೋಡುತ್ತಾರೆ. ಡ್ರೇಗರ್ ಕಂಪನಿಯ ಯಂತ್ರ ಮಾರುಕಟ್ಟೆಯಲ್ಲೇ ಇದೆ. ಅಲ್ಲಿ ಯಾಕೆ ಕೆಲಸ ಮಾಡುತ್ತದೆ? ಉಸಿರು ಒಳಗೆ, ಉಸಿರು ಹೊರಗೆ, ಎರಡೂ ಹೊತ್ತಿನ ಅಳತೆ ಕೈಯಲ್ಲಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಎಲೆಕ್ಟ್ರೋಡ್ ಜಾಗದ ತಪ್ಪು, ಆಕಾರದ ತಪ್ಪು ಬಹುಮಟ್ಟಿಗೆ ಹೊಡೆದುಹೋಗುತ್ತದೆ, ಗಾಳಿ ಮಾತ್ರ ಉಳಿಯುತ್ತದೆ. ಮೇಲಾಗಿ ಗಾಳಿ ತುಂಬಿದ ಶ್ವಾಸಕೋಶ, ಗಾಳಿ ಹೋದ ಶ್ವಾಸಕೋಶ, ಎರಡಕ್ಕೂ ವ್ಯತ್ಯಾಸ ದೊಡ್ಡದು. ಸ್ತನದ ಸ್ಕ್ರೀನಿಂಗಿನಲ್ಲಿ ಹೀಗೆ ಕಳೆಯಲು ‘ಗಡ್ಡೆ ಬರುವ ಮೊದಲಿನ’ ಅಳತೆ ಎಲ್ಲಿದೆ? ನೀವು ಕ್ಯಾಂಪಿಗೆ ಹೋಗಿದ್ದೇ ಅದೇ ಮೊದಲ ಸಲ.

ಸ್ತನಕ್ಕೆ ಈ ವಿದ್ಯೆಯನ್ನು ತರಲು ಪ್ರಯತ್ನ ನಡೆದೇ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಟಿ-ಸ್ಕ್ಯಾನ್ 2000 ಎಂಬ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಎಷ್ಟರ ಮಟ್ಟಿಗೆ? ಮ್ಯಾಮೋಗ್ರಾಮ್ ಮಾಡಿಸಿ, ಅದರಲ್ಲಿ ಏನೋ ಅನುಮಾನ ಬಂದು, ಬಯಾಪ್ಸಿ (ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು) ಬೇಕೋ ಬೇಡವೋ ಎಂದು ಡಾಕ್ಟರ್ ಯೋಚಿಸುವಾಗ ಜೊತೆಗೊಂದು ಸುಳಿವಾಗಿ ಮಾತ್ರ. ಅದೊಂದನ್ನೇ ಇಟ್ಟುಕೊಂಡು ಸ್ಕ್ರೀನಿಂಗ್ ಮಾಡಲು ಅಲ್ಲ.

ಮೈಕ್ರೋವೇವ್ ಹಾಯಿಸಿ ನೋಡುವ ಕ್ರಮವೂ ಇದೆ. ಅಲ್ಲಿ ನಡೆದ ಒಂದು ಪಾಠ ನನಗೆ ತುಂಬ ಇಷ್ಟ, ಸ್ವಲ್ಪ ಬೇಸರದ್ದೂ ಹೌದು. ಗಡ್ಡೆಗೂ ಉಳಿದ ಸ್ತನಕ್ಕೂ ಮೈಕ್ರೋವೇವಿನಲ್ಲಿ ಅಗಾಧ ವ್ಯತ್ಯಾಸವಿದೆ ಎಂದು ಎಲ್ಲರೂ ನಂಬಿದ್ದರು. 2007ರಲ್ಲಿ ಅಮೆರಿಕ ಮತ್ತು ಕೆನಡಾದ ತಂಡವೊಂದು ಆಪರೇಷನ್‌ನಲ್ಲಿ ತೆಗೆದ ನೂರಾರು ಮಾದರಿಗಳನ್ನು ಅಳೆಯಿತು. ಕೊಬ್ಬಿಗೂ ಗಡ್ಡೆಗೂ ಹತ್ತು ಪಟ್ಟಿನವರೆಗೆ ವ್ಯತ್ಯಾಸವಿತ್ತು, ಸರಿ. ಆದರೆ ಹಾಲಿನ ಗ್ರಂಥಿ ಮತ್ತು ನಾರು ತುಂಬಿದ ಆರೋಗ್ಯವಂತ ಅಂಗಾಂಶಕ್ಕೂ ಗಡ್ಡೆಗೂ ವ್ಯತ್ಯಾಸ ಶೇಕಡಾ 10ರ ಆಸುಪಾಸು ಅಷ್ಟೇ. ಗಡ್ಡೆ ಸಾಮಾನ್ಯವಾಗಿ ಹುಟ್ಟುವುದು ಕೊಬ್ಬಿನಲ್ಲಲ್ಲ, ಗ್ರಂಥಿಯಲ್ಲಿ. ಬಿಳಿ ಗೋಡೆಯ ಮೇಲಿನ ಕಪ್ಪು ಚುಕ್ಕಿ ಹುಡುಕುತ್ತಿದ್ದೇವೆ ಎಂದುಕೊಂಡಿದ್ದವರಿಗೆ ಅದು ಬೂದು ಗೋಡೆಯ ಮೇಲಿನ ಬೂದು ಚುಕ್ಕಿ ಎಂದು ತಿಳಿಯಿತು.

ಶಾಖದ ಕ್ಯಾಮೆರಾ, ಅಂದರೆ ಥರ್ಮೋಗ್ರಫಿ, ಇದೇ ಜಾತಿಯದು. ಚರ್ಮದ ಬಿಸಿಯಿಂದ ಆಳದ ಬಿಸಿಯನ್ನು ಊಹಿಸುವುದು. ಶಾಖವೂ ಕರೆಂಟಿನ ಹಾಗೆ ಹರಡಿ ಮಸುಕಾಗುತ್ತದೆ. ಬೆಂಗಳೂರಿನ ನಿರಾಮಯ್‌ನಂಥ ಕಂಪನಿಗಳು ಕಂಪ್ಯೂಟರ್ ಕಲಿಕೆಯನ್ನು ಸೇರಿಸಿ ಈ ದಾರಿಯಲ್ಲಿ ಕೆಲಸ ಮಾಡುತ್ತಿವೆ. ಮಾಡಲಿ, ಮಾಡಬೇಕು. ಆದರೆ ಥರ್ಮೋಗ್ರಫಿ ಮ್ಯಾಮೋಗ್ರಾಮಿಗೆ ಬದಲಿ ಅಲ್ಲ ಎಂದು ಎಫ್‌ಡಿಎ ಒಂದಲ್ಲ ಹಲವು ಸಲ ಎಚ್ಚರಿಕೆ ಕೊಟ್ಟಿದೆ.

ಈಗ ನೀವು ಹೆದರುತ್ತಿರುವ ಮ್ಯಾಮೋಗ್ರಾಮಿಗೆ ಬರೋಣ. ಗಣಿತದ ಕಣ್ಣಿನಲ್ಲಿ ಅದು ಬಹಳ ಬಡವ. ಬರೀ ನೆರಳು. ಎಕ್ಸ್-ರೇ ಒಂದು ಕಡೆಯಿಂದ ಹೋಗುತ್ತದೆ, ಇನ್ನೊಂದು ಕಡೆ ನೆರಳು ಬೀಳುತ್ತದೆ. ಬರ್ಲಿನ್ನಿನ ಸರ್ಜನ್ ಆಲ್ಬರ್ಟ್ ಸಾಲೊಮನ್ 1913ರಲ್ಲೇ ಕತ್ತರಿಸಿ ತೆಗೆದ ಸ್ತನಗಳ ಎಕ್ಸ್-ರೇ ತೆಗೆದು ಗಡ್ಡೆಯ ಗುರುತುಗಳನ್ನು ವಿವರಿಸಿದ್ದ. ಆದರೆ ನೆರಳಿನ ಗೆರೆ ನೇರ ಇರುವುದರಿಂದ ಅದು ಚೂಪಾಗಿ ಬೀಳುತ್ತದೆ. ಸ್ತನದಲ್ಲಿ ಸಾಸಿವೆಗಿಂತ ಚಿಕ್ಕದಾದ ಸುಣ್ಣದ ಕಣಗಳು ಒಂದೆಡೆ ಗುಂಪುಗೂಡಿದ್ದರೆ ಅದು ತೀರಾ ಆರಂಭದ ಕ್ಯಾನ್ಸರಿನ ಸುಳಿವಿರಬಹುದು. ಅರ್ಧ ಮಿಲಿಮೀಟರೂ ಇಲ್ಲದ ಆ ಕಣಗಳು ಮ್ಯಾಮೋಗ್ರಾಮಿನಲ್ಲಿ ಕಾಣುತ್ತವೆ. ಕರೆಂಟಿನ ಮಸುಕು ಉಂಡೆಯಲ್ಲಿ ಅವನ್ನು ಹುಡುಕುವುದು ಕನಸಿನ ಮಾತು.

ಒತ್ತುವುದೂ ಸುಮ್ನೆ ಅಲ್ಲ. ಒತ್ತಿ ತೆಳ್ಳಗೆ ಮಾಡಿದರೆ ಒಂದರ ಮೇಲೊಂದು ಬಿದ್ದ ನೆರಳುಗಳು ಹರಡಿಕೊಂಡು ಬೇರೆಯಾಗುತ್ತವೆ. ಅಲುಗಾಟ ನಿಲ್ಲುತ್ತದೆ, ಎಕ್ಸ್-ರೇ ಪ್ರಮಾಣವೂ ಕಡಿಮೆ ಸಾಕು. ಅಹಿತಕರ ನಿಜ, ಕೆಲವೇ ಸೆಕೆಂಡು. ಮುಟ್ಟು ಮುಗಿದ ವಾರದಲ್ಲಿ ಹೋದರೆ ನೋವು ಕಡಿಮೆ. ರೇಡಿಯೇಷನ್ ಲೆಕ್ಕ ಹೀಗಿದೆ: ಎರಡೂ ಕಡೆಯ ಮ್ಯಾಮೋಗ್ರಾಮಿಗೆ ಸುಮಾರು 0.4 ಮಿಲಿಸೀವರ್ಟ್. ಗಾಳಿ, ಮಣ್ಣು, ಆಕಾಶದಿಂದ ಪ್ರಪಂಚದ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಬರುವುದು 2.4. ಅಂದರೆ ಎರಡು ತಿಂಗಳು ಸುಮ್ಮನೆ ಮನೆಯಲ್ಲಿ ಕೂತರೆ ಬರುವಷ್ಟು.

ಮ್ಯಾಮೋಗ್ರಾಮಿಗೂ ದೊಡ್ಡ ಕೊರತೆ ಇದೆ, ಮುಚ್ಚಿಡುವುದಿಲ್ಲ. ಗ್ರಂಥಿ ಜಾಸ್ತಿ ಇರುವ, ಡೆನ್ಸ್ ಅನ್ನುತ್ತಾರಲ್ಲ, ಅಂಥ ಸ್ತನದಲ್ಲಿ ಗ್ರಂಥಿಯೂ ಬಿಳಿ, ಗಡ್ಡೆಯೂ ಬಿಳಿ. ವಯಸ್ಸು ಕಡಿಮೆ ಇದ್ದಷ್ಟೂ ಇದು ಜಾಸ್ತಿ. ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳುವುದರಿಂದ ಇದು ನಮಗೆ ಮುಖ್ಯ. ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಪ್ರತಿ ಮಹಿಳೆಗೂ ಅವಳ ಸ್ತನ ಡೆನ್ಸ್ ಹೌದೋ ಅಲ್ಲವೋ ಎಂದು ರಿಪೋರ್ಟಿನಲ್ಲಿ ತಿಳಿಸಲೇಬೇಕು. ನಿಮ್ಮ ರಿಪೋರ್ಟ್ ಬಂದಾಗ ನೀವೂ ಇದನ್ನು ಕೇಳಿ. ಡೆನ್ಸ್ ಇದ್ದರೆ ಜೊತೆಗೆ ಅಲ್ಟ್ರಾಸೌಂಡ್ ಬೇಕೇ ಎಂದು ಡಾಕ್ಟರ್ ಹೇಳುತ್ತಾರೆ.

ಇಲ್ಲಿಯವರೆಗೆ ಚಿತ್ರದ ಮಾತಾಯಿತು. ಚಿತ್ರ ಚೆನ್ನಾಗಿದ್ದರೆ ಸ್ಕ್ರೀನಿಂಗ್ ಚೆನ್ನಾಗಿರುತ್ತದೆ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ನಮ್ಮ ಗಣಿತದವರ ದೊಡ್ಡ ತಪ್ಪು ಇದೇ. ಸ್ಕ್ರೀನಿಂಗ್ ಬೇರೆಯದೇ ಲೆಕ್ಕ.

ಕ್ಯಾಂಪಿಗೆ 1000 ಮಹಿಳೆಯರು ಬಂದರು ಎನ್ನಿ. ಲೆಕ್ಕಕ್ಕೆ ಅವರಲ್ಲಿ 5 ಜನರಿಗೆ ಕ್ಯಾನ್ಸರ್ ಇದೆ ಎಂದುಕೊಳ್ಳಿ. ನಾನು ಅಲ್ಲಿ ಒಂದು ಖಾಲಿ ಡಬ್ಬಿ ಇಟ್ಟು, ಎರಡು ವೈರು ಸಿಕ್ಕಿಸಿ, ಎಲ್ಲರಿಗೂ ‘ನಾರ್ಮಲ್’ ಎಂದು ಬರೆದುಕೊಟ್ಟರೆ 995 ಜನರಿಗೆ ನನ್ನ ಡಬ್ಬಿ ಸರಿಯಾಗಿಯೇ ಹೇಳಿದೆ. ‘ಶೇಕಡಾ 99.5 ನಿಖರ’ ಎಂದು ಬ್ಯಾನರ್ ಹಾಕಿಸಬಹುದು, ಸುಳ್ಳೂ ಅಲ್ಲ! ಹಾಗಾಗಿ ‘ನಿಖರತೆ ಎಷ್ಟು’ ಎಂದು ಕೇಳಬೇಡಿ. ‘ಕ್ಯಾನ್ಸರ್ ಇದ್ದ 100 ಜನರಲ್ಲಿ ಎಷ್ಟು ಜನರನ್ನು ಹಿಡಿದಿರಿ? ಇಲ್ಲದ 100 ಜನರಲ್ಲಿ ಎಷ್ಟು ಜನರನ್ನು ಸುಮ್ಮನೆ ಹೆದರಿಸಿದಿರಿ?’ ಎಂದು ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಯಂತ್ರ ಒಳ್ಳೆಯದೇ ಇದ್ದು, ಇಲ್ಲದವರಲ್ಲಿ ನೂರಕ್ಕೆ ಹತ್ತು ಜನರನ್ನು ಮಾತ್ರ ತಪ್ಪಾಗಿ ಹಿಡಿದರೂ, ಈ 1000ದಲ್ಲಿ ಸುಮಾರು 100 ಜನ ‘ಅನುಮಾನ ಇದೆ’ ಅನ್ನುವ ಚೀಟಿ ಹಿಡಿದು ಹೋಗುತ್ತಾರೆ. ನಿಜವಾಗಿ ಇರುವವರು ಅವರ ಜೊತೆಗೆ ನಾಲ್ಕೋ ಐದೋ. ಆ 100 ಜನರ ಒಂದು ವಾರದ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಗಡ್ಡೆ ಬೇಗ ಸಿಕ್ಕಿತು ಅಂದಮಾತ್ರಕ್ಕೆ ಜೀವ ಉಳಿಯಿತು ಎಂದಲ್ಲ. ಕೆಲವು ಗಡ್ಡೆಗಳು ಜೀವಮಾನವಿಡೀ ಏನೂ ಮಾಡದೆ ಇದ್ದುಬಿಡುತ್ತವೆ. ಅವನ್ನು ಕಂಡುಹಿಡಿದರೆ ಸುಮ್ಮನೆ ಆಪರೇಷನ್ ಆಗುತ್ತದೆ. ಬ್ರಿಟನ್ನಿನಲ್ಲಿ ಮೈಕೆಲ್ ಮಾರ್ಮಟ್ ನೇತೃತ್ವದ ಸ್ವತಂತ್ರ ಸಮಿತಿ 2012ರಲ್ಲಿ ಮ್ಯಾಮೋಗ್ರಾಮಿನ ಲಾಭನಷ್ಟ ಅಂದಾಜು ಮಾಡಿತು. 50ನೇ ವಯಸ್ಸಿನಿಂದ 20 ವರ್ಷ ಸ್ಕ್ರೀನಿಂಗಿಗೆ ಕರೆದ 10,000 ಮಹಿಳೆಯರಲ್ಲಿ 43 ಸಾವು ತಪ್ಪುತ್ತದೆ. ಅದೇ ಹೊತ್ತಿಗೆ 129 ಜನರಿಗೆ, ಎಂದೂ ತೊಂದರೆ ಕೊಡದಿರುತ್ತಿದ್ದ ಕ್ಯಾನ್ಸರ್ ಪತ್ತೆಯಾಗುತ್ತದೆ. ಆ ಸಮಿತಿ ಎಲ್ಲ ತೂಗಿ ನೋಡಿ ಸ್ಕ್ರೀನಿಂಗ್ ಇರಲಿ, ಆದರೆ ಈ ಎರಡೂ ಸಂಖ್ಯೆಯನ್ನು ಮಹಿಳೆಯರಿಗೆ ಹೇಳಿ ಎಂದಿತು. ನಮ್ಮಲ್ಲಿ ಯಾವ ಬ್ಯಾನರಿನಲ್ಲೂ ಎರಡನೆಯ ಸಂಖ್ಯೆ ಕಂಡಿಲ್ಲ.

ಗಮನಿಸಿ, ಮ್ಯಾಮೋಗ್ರಾಮಿನ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ನಾನು ಸಂಖ್ಯೆ ಇಟ್ಟು ಹೇಳಲು ಆಗುತ್ತಿರುವುದು ಯಾಕೆ? 1963ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಪ್ರಯೋಗದಿಂದ ಹಿಡಿದು ಲಕ್ಷಗಟ್ಟಲೆ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಕೊನೆಗೆ ಸಾವುಗಳನ್ನು ಎಣಿಸಿದ್ದಾರೆ. ಕರೆಂಟಿನ ಯಂತ್ರಕ್ಕಾಗಲಿ ಶಾಖದ ಕ್ಯಾಮೆರಾಕ್ಕಾಗಲಿ ಅಂಥ ಎಣಿಕೆ ಆಗಿಲ್ಲ. ನಿಮ್ಮ ಹುಡುಗ ನಂಬಬೇಡ ಅಂದಿದ್ದು ಗಣಿತವನ್ನಲ್ಲ, ಆಗದೇ ಇರುವ ಈ ಎಣಿಕೆಯನ್ನು.

ನಮ್ಮ ದೇಶದ್ದೇ ಒಂದು ದೊಡ್ಡ ಎಣಿಕೆ ಇದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ್ದು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರು. ಅರ್ಧದಷ್ಟು ಜನರಿಗೆ ಎರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಯಂತ್ರವಿಲ್ಲ, ಫಿಲ್ಮಿಲ್ಲ, ಬರೀ ಬೆರಳು. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಮೊದಲ ಹಂತಗಳಲ್ಲೇ ಹೆಚ್ಚಾಗಿ ಸಿಕ್ಕಿತ್ತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸ್ತನ ಕ್ಯಾನ್ಸರಿನ ಸಾವು ಶೇಕಡಾ 15ರಷ್ಟು ಇಳಿದಿತ್ತು, ಆದರೆ ಅದು ಆಕಸ್ಮಿಕವಾಗಿಯೂ ಇರಬಹುದಾದಷ್ಟು ಚಿಕ್ಕದು. 50 ದಾಟಿದವರಲ್ಲಿ ಮಾತ್ರ ಇಳಿಕೆ ಸುಮಾರು ಶೇಕಡಾ 30, ಅದು ಗಟ್ಟಿ ಸಂಖ್ಯೆ.

ಬೆರಳೂ ಗಡಿ ಸಮಸ್ಯೆಯನ್ನೇ ಬಿಡಿಸುತ್ತಿದೆ ನೋಡಿ! ಮೇಲ್ಮೈಯನ್ನು ಒತ್ತುತ್ತದೆ, ಒಳಗಿನದು ಎಷ್ಟು ಎದುರು ಒತ್ತುತ್ತದೆ ಎಂದು ಗಮನಿಸುತ್ತದೆ, ಒಳಗಿನ ಗಟ್ಟಿ ಜಾಗ ಊಹಿಸುತ್ತದೆ. ಕ್ಯಾನ್ಸರ್ ಗಡ್ಡೆ ಸುತ್ತಲಿನದಕ್ಕಿಂತ ಹಲವು ಪಟ್ಟು ಗಡುಸು, ಆ ವ್ಯತ್ಯಾಸ ಬೆರಳಿಗೆ ಸಿಗುತ್ತದೆ. ಇದೇ ಉಪಾಯವನ್ನು ಅಲ್ಟ್ರಾಸೌಂಡಿಗೆ ಸೇರಿಸಿ ಎಲಾಸ್ಟೋಗ್ರಫಿ ಎಂದು ಮಾಡುತ್ತಾರೆ. ಒಬ್ಬ ಕಾರ್ಯಕರ್ತೆಯ ಪಳಗಿದ ಕೈ ಇಷ್ಟು ಮಾಡಿತು ಅನ್ನುವುದು, ಪ್ರಮೇಯಗಳಲ್ಲೇ ಮುಳುಗಿದ ನನ್ನಂಥವಳಿಗೆ ಸ್ವಲ್ಪ ನಾಚಿಕೆಯ ವಿಷಯವೇ.

ನಿಮಗೇನು ಹೇಳಲಿ? ನಿಮಗೆ 47. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಎಂದಿತು. ಬ್ರಿಟನ್ನಿನವರು 50ರಿಂದ, ಅದೂ ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಕೈಯಿಂದ ಮಾಡುವ ಪರೀಕ್ಷೆ ಇದೆ, ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಕೈ ಪರೀಕ್ಷೆ ಮಾಡಿಸಿ, ಮ್ಯಾಮೋಗ್ರಾಮ್ ಯಾವಾಗಿನಿಂದ, ಎಷ್ಟು ವರ್ಷಕ್ಕೊಮ್ಮೆ ಎಂದು ಅವರ ಜೊತೆ ಕೂತು ತೀರ್ಮಾನಿಸುತ್ತಿದ್ದೆ. ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ, ಸೋದರತ್ತೆ, ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಅಪ್ಪನ ಕಡೆಯವರೂ ಲೆಕ್ಕಕ್ಕೆ ಬರುತ್ತಾರೆ, ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಅಂಥ ಮನೆತನದವರಿಗೆ ದಾರಿಯೇ ಬೇರೆ, ಎಂಆರ್‌ಐ ಕೂಡ ಬರಬಹುದು.

ಮ್ಯಾಮೋಗ್ರಾಮಿಗೆ ಹೋಗುವ ದಿನ ಸೀರೆಗಿಂತ ಚೂಡಿದಾರ್ ಅನುಕೂಲ, ಮೇಲಿನದನ್ನು ಮಾತ್ರ ತೆಗೆದರೆ ಸಾಕು. ಹಳೆಯ ಫಿಲ್ಮ್ ಅಥವಾ ಸಿಡಿ ಇದ್ದರೆ ಜೊತೆಗಿರಲಿ. ಉಸಿರಿನ ಬೆಲ್ಟಿನವರು ಎರಡು ಅಳತೆಯನ್ನು ಕಳೆದು ನೋಡುವ ಹಾಗೆ, ಇಲ್ಲೂ ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಇನ್ನೊಂದು, ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಏನೂ ಹಚ್ಚಿಕೊಳ್ಳಬೇಡಿ. ಚರ್ಮದ ಮೇಲೆ ಅಂಟಿಕೊಂಡ ಅದರ ಕಣಗಳು ಫಿಲ್ಮಿನಲ್ಲಿ ಒಳಗಿನ ಸುಣ್ಣದ ಕಣಗಳ ಹಾಗೇ ಬೆಳ್ಳಗೆ ಕಾಣುತ್ತವೆ.